ಉಪ್ಪಿನಕಾಯಿಗೊಂದು ಲೈಸೆನ್ಸು

ಗೊಳಸಂಗಿಯಿಂದ ಮಗಳು ಬಸ್ಸಿನಲ್ಲಿ ಕಳಿಸಿದ ಲಿಂಬೆ ಉಪ್ಪಿನಕಾಯಿಯ ಭರಣಿ ಇವತ್ತು ಬಂತು. ಮುಚ್ಚಳ ತೆಗೆದರೆ ಬಾಯಲ್ಲಿ ನೀರೂರಬೇಕಿತ್ತು. ನನಗೆ ನಾಚಿಕೆ ಬಂತು. ಯಾಕೆಂದು ನಿಮಗೆ ಹೇಳಿಬಿಡುತ್ತೇನೆ, ಒಳಗಿಟ್ಟುಕೊಂಡು ಸಾಕಾಗಿದೆ.

ನಾನು ಇಂಡಿ ಊರಿನ ಲಿಂಬೆ ವ್ಯಾಪಾರಿ. ಮಾರುಕಟ್ಟೆ ಸಮಿತಿಯವರು ನಮ್ಮಂಥವರಿಂದ ಲೈಸೆನ್ಸ್ ಶುಲ್ಕ ಪಡೆದು, ಆ ದುಡ್ಡಿನಲ್ಲೇ ತೂಕ ಪರೀಕ್ಷಿಸುತ್ತಿದ್ದರು, ಮೋಸಗಾರರನ್ನು ಹಿಡಿಯುತ್ತಿದ್ದರು. ನನ್ನನ್ನು ಹಿಡಿಯುವವನ ಪಗಾರ ನಾನೇ ಕೊಡಬೇಕೆ? ಹೈಸ್ಕೂಲು ಕಲಿತ ತಲೆಗೆ ಇದು ದೊಡ್ಡ ತತ್ವವಾಗಿ ಕಂಡಿತು. ಲೈಸೆನ್ಸ್ ಇಲ್ಲದೆ ಮನೆಯ ಪಡಸಾಲೆಯಲ್ಲೇ ವ್ಯಾಪಾರ ನಡೆಸಿದೆ.

ಮಗಳಿಗೆ ಇನ್ನೂ ಗಂಡು ಗೊತ್ತಾಗಿರದ ಕಾಲವದು. ಒಂದು ಮಧ್ಯಾಹ್ನ ಸಮಿತಿಯ ಇನ್ಸ್‌ಪೆಕ್ಟರು ಬಂದು, ಗೋಡೆಗೆ ಒಟ್ಟಿದ್ದ ಚೀಲಗಳನ್ನು ನೋಡಿದರು.

"ಏನ್ರಿ ಕಾಕಾ, ಇಷ್ಟು ಲಿಂಬಿಹಣ್ಣು?"

"ಉಪ್ಪಿನಕಾಯಿಗ್ರಿ ಸಾಹೇಬ್ರ. ಮಗಳ ಮದುವಿ ಐತಿ."

"ಬೀಗರಿಗೆ ಬರೇ ಉಪ್ಪಿನಕಾಯಿನ ನೀಡ್ತೀರೇನ್ರಿ? ಇರ್ಲಿ, ನಮ್ಮನ್ನೂ ಕರೀರಿ" ಎಂದು ನಕ್ಕು ಹೋದರು.

ನಮ್ಮೂರಲ್ಲಿ ಸುದ್ದಿಗೆ ಲೈಸೆನ್ಸ್ ಬೇಕಿಲ್ಲ. ಸಂಜೆಗೇ ಹಮಾಲರು ಊಟ ಯಾವಾಗ ಎಂದು ಕೇಳಿದರು. ಸಿಂದಗಿಯಿಂದ ಬ್ಯಾಂಡಿನವನೊಬ್ಬ ಮುಂಗಡ ಕೇಳಲು ಬಂದ. ಕೊನೆಗೆ, ಮಗಳನ್ನು ನೋಡಿಹೋಗಿದ್ದ ಗೊಳಸಂಗಿಯವರು ಹೇಳಿಕಳಿಸಿದರು: ಬೇರೆ ಕಡೆ ಸಂಬಂಧ ಗೊತ್ತಾಗಿದ್ದರೆ ನಮ್ಮನ್ನು ಕರೆಸಿದ್ದೇಕೆ? ಆ ಹುಡುಗ ಮಗಳ ಮನಸ್ಸಿಗೆ ಬಂದಿದ್ದ.

ಅವಳು ಬಾಗಿಲಲ್ಲಿ ನಿಂತಳು. "ಅಪ್ಪಾ, ನನ್ನ ಮದುವಿ ಗೊತ್ತಾಗೇತಂತ. ವರಾ ಯಾರು ಅಂತ ನನಗೂ ಒಂದೀಟು ಹೇಳು."

ನಗೋಣವೆಂದರೆ ಅವಳ ಕಣ್ಣು ತುಂಬಿತ್ತು.

ಗೊಳಸಂಗಿಗೆ ಓಡಿದೆ. ಹುಡುಗನ ಅಪ್ಪ ನಂಬಲಿಲ್ಲ.

"ಮದುವಿ ಇಲ್ಲಂದ್ರ ಅಷ್ಟು ಲಿಂಬಿಹಣ್ಣು ಯಾಕ್ರಿ?"

"ವ್ಯಾಪಾರಕ್ರಿ."

"ವ್ಯಾಪಾರಿ ಅಂದ್ರ ಲೈಸೆನ್ಸ್ ತೋರಿಸ್ರಿ!"

ಮರುದಿನ ಸಮಿತಿಯ ಕಚೇರಿಯಲ್ಲಿ ಎಲ್ಲರೆದುರು ನಿಜ ಹೇಳಿ, ದಂಡದ ಜೊತೆ ಶುಲ್ಕವನ್ನೂ ಕಟ್ಟಿದೆ. "ನಮ್ಮ ಊಟಾ ತಪ್ಪಿಸಿದ್ರಲ್ರಿ" ಎಂದರು ಇನ್ಸ್‌ಪೆಕ್ಟರು. ತಪ್ಪಲಿಲ್ಲ. ಲೈಸೆನ್ಸನ್ನು ಹಿಂದೆಮುಂದೆ ತಿರುಗಿಸಿ ನೋಡಿ ಹುಡುಗನ ಅಪ್ಪ ಒಪ್ಪಿದರು. ಮದುವೆಯ ದಿನ ಇನ್ಸ್‌ಪೆಕ್ಟರ ಎಲೆಗೆ ನಾನೇ ಉಪ್ಪಿನಕಾಯಿ ಬಡಿಸಿದೆ. ಅವರು ಇನ್ನೊಂದು ಹೋಳು ಕೇಳಿ ಹಾಕಿಸಿಕೊಂಡರು.

ತಪ್ಪೊಪ್ಪಿಕೊಂಡವನು ತಿದ್ದಿಕೊಂಡನೆಂದು ತಿಳಿಯಬೇಡಿ. ಲೈಸೆನ್ಸ್ ನವೀಕರಿಸುವ ಕಾಲ ಬಂದಾಗಲೆಲ್ಲ ಹಳೆಯ ತತ್ವ ನಾಲಿಗೆಯ ತುದಿಗೆ ಬರುತ್ತದೆ. ಇವತ್ತು ಬೆಳಿಗ್ಗೆಯೂ ಅದನ್ನೇ ಗೊಣಗುತ್ತ ಕೂತಿದ್ದೆ. ಭರಣಿಯ ಹಿಂದೆಯೇ ಮಗಳ ಫೋನು ಬಂತು.

"ಅಪ್ಪಾ, ಲೈಸೆನ್ಸ್ ಮಾಡಿಸೀಯೇನು? ಈ ಸಲ ಮೊಮ್ಮಗಳ ಮದುವಿ ಮಾಡಿಗೀಡಿ! ಅಕಿ ಇನ್ನಾ ಸಾಲಿಗೆ ಹೊಂಟಾಳ."

ಒಂದು ಹೋಳು ಬಾಯಿಗಿಟ್ಟುಕೊಂಡು, ಟೋಪಿ ಹಾಕಿಕೊಂಡು ಸಮಿತಿಯ ಕಚೇರಿಗೆ ಹೊರಟೆ. ಬಾಯಿ ತುಂಬಿದ್ದರಿಂದ ದಾರಿಯಲ್ಲಿ ಯಾರಿಗೂ ತತ್ವ ಹೇಳಲಾಗಲಿಲ್ಲ.