ಶಾಂತಕ್ಕನ ಕಟ್ಟೆಗೆ ಬಾರದ ಬನ್ನಿ

ಹೋದ ವಾರ ಒಬ್ಬ ಕೊಲೆ ಅಪರಾಧಿ ನಮ್ಮ ಮನೆಗೆ ಬಂದು ನನ್ನ ಕಾಲಿಗೆ ನಮಸ್ಕಾರ ಮಾಡಿದ. ನಾನು, "ನೂರು ವರ್ಷ ಚೆಂದಾಗಿ ಬಾಳಪಾ" ಎಂದೆ.

ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಏನು ಮಾಡಲಿ ಹೇಳಿ? ವಿಜಯದಶಮಿಯ ಸಂಜೆ ನಮ್ಮ ಉಣಕಲ್ಲಿನ ಓಣಿಯಲ್ಲಿ ಯಾರು ಬನ್ನಿ ಎಲೆ ಹಿಡಿದು ಬಂದರೂ ಕೈ ಚಾಚಲೇಬೇಕು. ಚಿಕ್ಕವರು ಬಗ್ಗುತ್ತಾರೆ, ದೊಡ್ಡವರು ಹರಸುತ್ತಾರೆ. ವರ್ಷವಿಡೀ ಪಾರ್ಕಿಂಗ್‌ಗಾಗಿ ಕಿತ್ತಾಡಿದವರೂ ಅವತ್ತು "ಬನ್ನಿ ತಗೊಂಡು ಬಂಗಾರಧಂಗ ಇರೋಣ್ರಿ" ಎಂದು ಹಲ್ಲು ಕಿರಿಯುತ್ತಾರೆ. (ಮರುದಿನ ಬೆಳಿಗ್ಗೆ ಅದೇ ಗಾಡಿ ಅದೇ ಗೇಟಿಗೆ ಅಡ್ಡ ನಿಂತಿರುತ್ತದೆ, ಆ ಮಾತು ಬೇರೆ.) ಆಶೀರ್ವಾದ ಬಾಯಿಗೆ ರೂಢಿಯಾಗಿಬಿಟ್ಟಿದೆ. ಎದುರಿಗಿರುವವನ ಮೇಲೆ ಯಾವ ಸೆಕ್ಷನ್ ಇದೆ ಎಂದು ಅದು ಕೇಳುವುದಿಲ್ಲ.

ಬಂದವನು ಬಸವರಾಜ. ನಮ್ಮ ಓಣಿಯಲ್ಲೇ ಹುಟ್ಟಿ ಬೆಳೆದವನು. ನನ್ನ ಎದುರು ಸಾಲಿನ ಶಾಂತಕ್ಕನ ಮಗ ಮಹೇಶನೂ ಇವನೂ ಸೇರಿ ಮನೆಗಳಿಗೆ ಟೈಲ್ಸ್ ಹಾಕುವ ಕೆಲಸ ಹಿಡಿಯುತ್ತಿದ್ದರು. ಇವನ ಊಟ ಅರ್ಧಕ್ಕರ್ಧ ಶಾಂತಕ್ಕನ ಅಡುಗೆಮನೆಯಲ್ಲೇ. ಕೆಲವು ವರ್ಷಗಳ ಹಿಂದೆ ಒಂದು ಸಂಜೆ ಇಬ್ಬರೂ ಒಂದೇ ಬೈಕ್‌ನಲ್ಲಿ ಹೊರಟರು. ಮರುದಿನ ಅರ್ಧ ಕಟ್ಟಿದ ಕಟ್ಟಡವೊಂದರಲ್ಲಿ ಮಹೇಶನ ಹೆಣ ಸಿಕ್ಕಿತು. ತಲೆಗೆ ಪೆಟ್ಟು ಬಿದ್ದಿತ್ತು.

ಕಣ್ಣಾರೆ ಕಂಡವರು ಯಾರೂ ಇಲ್ಲ. ಆದರೆ ಕಡೆಯದಾಗಿ ಅವನ ಜೊತೆಗಿದ್ದವನು ಬಸವರಾಜ. ಅದಕ್ಕೆ ಸ್ವಲ್ಪ ದಿನ ಮೊದಲು ಇಬ್ಬರಿಗೂ ಜೋರು ಜಗಳವೂ ಆಗಿತ್ತು. ಕೇಸು ಇದರ ಮೇಲೇ ನಿಂತಿತು. "ನಾನು ಮಹೇಶನನ್ನು ಕ್ರಾಸಿನಲ್ಲಿ ಇಳಿಸಿ ಮನೆಗೆ ಬಂದೆ" ಎಂದು ಇವನು ಹೇಳಿದ್ದನ್ನು ಕೆಳಗಿನ ಕೋರ್ಟು ನಂಬಲಿಲ್ಲ. ಜೀವಾವಧಿ ಶಿಕ್ಷೆ ಆಯಿತು.

ಹೈಕೋರ್ಟಿಗೆ ಅಪೀಲು ಹೋದ. ಅಪೀಲು ಸರದಿಯಲ್ಲಿ ಕಾಯಿತು, ಇವನು ಜೈಲಿನಲ್ಲಿ ಕಾದ. ಈ ಬೇಸಿಗೆಯಲ್ಲಿ, ಅಪೀಲು ಮುಗಿಯುವ ತನಕ ಶಿಕ್ಷೆ ತಡೆಹಿಡಿದು ಜಾಮೀನಿನ ಮೇಲೆ ಬಿಟ್ಟರು. ಷರತ್ತುಗಳಿವೆ. ಅದರಲ್ಲಿ ದೊಡ್ಡದು, ಶಾಂತಕ್ಕನ ಮನೆಯವರನ್ನು ಭೇಟಿಯಾಗಬಾರದು, ಮಾತಾಡಿಸಬಾರದು. ಮೀರಿದರೆ ಜಾಮೀನು ರದ್ದಾಗಬಹುದು.

ಅಂದಿನಿಂದ ಇವನು ಹಾಲಿನ ಪಾಕೀಟು ತರಲೂ ಹಿಂದಿನ ಗಟಾರದ ಸಂದಿಯಿಂದ ಸುತ್ತು ಹಾಕಿ ಹೋಗುತ್ತಾನೆ, ಆಕೆಯ ಬಾಗಿಲು ದಾಟಬಾರದೆಂದು. ಎರಡು ಮನೆಗಳ ನಡುವೆ ಇರುವುದು ಒಂದು ಕಿರಾಣಿ ಅಂಗಡಿ, ಒಂದು ನುಗ್ಗೆ ಗಿಡ, ಅಷ್ಟೇ!

ಅವತ್ತೂ ನನಗೆ ಬನ್ನಿ ಕೊಟ್ಟು ಅದೇ ಸಂದಿಯ ಕಡೆ ಹೊರಟಿದ್ದ. ತಮ್ಮ ಕಟ್ಟೆಯ ಮೇಲೆ ಕೂತಿದ್ದ ಶಾಂತಕ್ಕ ಕೂಗಿದರು.

"ಏ ಬಸ್ಯಾ! ಎಲ್ಲಾರಿಗೂ ಬನ್ನಿ ಕೊಟ್ಟಿ. ನನಗ ಕೊಡಂಗಿಲ್ಲೇನು? ಬಾ ಇಲ್ಲೆ."

ಬಸವರಾಜ ನಿಂತಲ್ಲೇ ನಿಂತ. ಆಮೇಲೆ ನನ್ನ ಕಡೆ ನೋಡಿದ.

"ಏನ ಮಾಡ್ಲಿರಿ ಅಕ್ಕಾರ? ಹೋದ್ರ ಬೇಲ್ ಹೋಗ್ತೈತ್ರಿ. ಬರೋ ತಿಂಗಳ ಅಪೀಲ್ ಹಿಯರಿಂಗಿಗೆ ಬರ್ತೈತಿ ಅಂತ ವಕೀಲ್ರು ಹೇಳ್ಯಾರ. ಹೋಗ್ಲಿಲ್ಲಂದ್ರ… ಆಕಿ ಕೈಯಾಗಿಂದು ಉಂಡೇನ್ರಿ ನಾ."

ಅಷ್ಟರಲ್ಲಿ ಎರಡು ಮೊಬೈಲುಗಳು ಮೇಲೆದ್ದಿದ್ದವು. (ಗಟಾರ ತುಂಬಿದಾಗ ಫೋಟೋ ತೆಗೆಯಿರಿ ಎಂದರೆ ಯಾರ ಮೊಬೈಲೂ ಏಳುವುದಿಲ್ಲ.)

ನಾನು ಜಾಣತನ ತೋರಿಸಲು ಹೋದೆ. "ಕೊಡಪಾ ಇಲ್ಲೆ" ಎಂದು ಅವನ ಕೈಯಲ್ಲಿದ್ದ ಎಲೆ ಇಸಿದುಕೊಂಡು ಹೋಗಿ ಶಾಂತಕ್ಕನ ಮುಂದೆ ಹಿಡಿದೆ. "ತಗೋರಿ, ಬಸವರಾಜ ಕೊಟ್ಟಾನ." ಷರತ್ತೂ ಉಳಿಯಿತು, ಸಂಪ್ರದಾಯವೂ ಉಳಿಯಿತು ಎಂದು ಒಳಗೊಳಗೇ ಹಿಗ್ಗಿದ್ದೂ ಸುಳ್ಳಲ್ಲ.

ಶಾಂತಕ್ಕ ಕೈ ಚಾಚಲಿಲ್ಲ.

"ನೀ ತಂದ್ರ ಅದು ನಿನ್ನ ಬನ್ನಿ, ತಂಗಿ. ನನಗ ಎಲಿ ಬೇಕಾಗಿಲ್ಲ. ಅವನ ಮಾರಿ ನೋಡಬೇಕಾಗೈತಿ. ಕೋರ್ಟಿನ್ಯಾಗ ಅಂವ ತಲಿನ ಎತ್ತಲಿಲ್ಲ. ನಾ ಉಣ್ಣಾಕ ಹಾಕಿ ಬೆಳಸಿದ ಹುಡುಗ. ಮುಂದ ನಿಂತು ಒಂದ್ ಮಾತ ಹೇಳಿದ್ರ ಖರೇನೋ ಸುಳ್ಳೋ ನನಗ ತಿಳೀತಿತ್ತು."

ತಿರುಗಿ ನೋಡಿದೆ. ಬಸವರಾಜ ಇರಲಿಲ್ಲ. ಸಂದಿ ಹೊಕ್ಕು ಹೋಗಿದ್ದ.

ಓಣಿಗೆ ಇಷ್ಟು ಸಾಕಾಗಿತ್ತು. ಕಿರಾಣಿ ಅಂಗಡಿಯ ಮುಂದೆ ಆಗಲೇ ಬೆಂಚು ಕೂತಿತು. ತಪ್ಪು ಮಾಡದವನಾಗಿದ್ದರೆ ಬೇಲ್ ಹಾಳಾಗಲಿ ಎಂದು ಓಡಿ ಬರುತ್ತಿದ್ದ ಎಂದರು ಕೆಲವರು. ಅಕಸ್ಮಾತ್ ಅವನು ಬಂದು ಕಾಲು ಹಿಡಿದಿದ್ದರೆ? 'ಪಾಪಪ್ರಜ್ಞೆ ಕಾಡ್ತಿತ್ತು, ಬಂದ' ಎನ್ನುತ್ತಿದ್ದವರೂ ಇವರೇ ಅಲ್ಲವೇ? ಒಬ್ಬ ಮನುಷ್ಯ ನಿಂತರೆ, ನಡೆದರೆ, ತಲೆ ತಗ್ಗಿಸಿದರೆ ಎಲ್ಲದರಲ್ಲೂ ನಮಗೆ ಕೊಲೆ ಕಾಣುತ್ತದೆ. ನಮಗಿಂತ ಲಗೂ ತೀರ್ಪು ಕೊಡುವ ಕೋರ್ಟು ಈ ದೇಶದಲ್ಲಿ ಇನ್ನೊಂದಿಲ್ಲ.

ನನಗೆ ತಡೆಯಲಾಗಲಿಲ್ಲ. ಧಾರವಾಡದ ಸಪ್ತಾಪುರದಲ್ಲಿರುವ ವಕೀಲ ಗೆಳತಿಗೆ ಫೋನ್ ಹಚ್ಚಿದೆ.

"ಹೋಗಲಿಲ್ಲ ಅಂವ, ಛಲೋ ಆತು ಬಿಡು" ಎಂದಳು. "ಕರೆದವರು ಯಾರು ಅನ್ನೋದು ಆಮ್ಯಾಲಿನ ಮಾತು. ವಿಡಿಯೋದಾಗ ಅಂವ ಅವರ ಕಟ್ಟಿ ಮ್ಯಾಲೆ ಕಾಣತಿದ್ದ. ಮುಗೀತಿತ್ತು."

"ಅಪೀಲಿನ್ಯಾಗ ಶಾಂತಕ್ಕನ್ನ ಕರೆದು ಕೇಳ್ತಾರೇನು? ಅವನ್ನ ಆಕಿ ಮುಂದ ನಿಲ್ಲಿಸ್ತಾರೇನು?"

ನಕ್ಕಳು. "ಕೆಳಗಿನ ಕೋರ್ಟಿನ್ಯಾಗ ಹೇಳಿದ್ದು, ಬರೆದದ್ದು ಏನೈತಿ, ಅದನ್ನ ಮತ್ತ ಓದಿ ಸರಿನೋ ತಪ್ಪೋ ನೋಡ್ತಾರ. ಸಾಮಾನ್ಯವಾಗಿ ಅಷ್ಟ. ಮಾರಿ ನೋಡಿ ತೀರ್ಮಾನ ಮಾಡೂದಲ್ಲವ್ವ ಅದು."

ಸರಿಯೇ. ಮುಖ ನೋಡಿ ಶಿಕ್ಷೆ ಕೊಡುವಂತಿದ್ದರೆ ನಮ್ಮಲ್ಲಿ ಎಷ್ಟು ಜನ ಹೊರಗಿರುತ್ತಿದ್ದೆವು? ಕಾಗದ ನೋಡಿಯೇ ಹೇಳಬೇಕು, ಒಪ್ಪಿದೆ. ಆದರೂ ಅವತ್ತಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಒಲೆಯ ಮೇಲೆ ಹಾಲಿಟ್ಟು ಕಿಟಕಿಗೆ ಹೋಗುತ್ತೇನೆ, ಹಾಲು ಉಕ್ಕುತ್ತದೆ. ಅಪೀಲಿನ ಕಾಗದದ ತಲೆಯ ಮೇಲೆ ಇರುವುದು ಎರಡೇ ಹೆಸರು, ಬಸವರಾಜ ಮತ್ತು ಸರ್ಕಾರ. ನಾಳೆ ಸಾಕ್ಷ್ಯ ಸಾಲದು ಎಂದರೆ ಸಂಶಯದ ಲಾಭ ಇವನಿಗೆ ಸಿಗುತ್ತದೆ. ಸಿಗಲೇಬೇಕು, ಸಂಶಯವಿದ್ದಾಗ ಒಬ್ಬನನ್ನು ಸಾಯುವ ತನಕ ಕೂಡಿಹಾಕುವುದು ನನಗೂ ಭಯವೇ. ಆದರೆ ಆ ಸಂಶಯದ ನಷ್ಟ ಯಾರ ಪಾಲಿಗೆ? ಅವನು ಅಲ್ಲವಾದರೆ ಮತ್ಯಾರು ಎಂದು ಶಾಂತಕ್ಕ ಯಾವ ಕೋರ್ಟಿಗೆ ಹೋಗಿ ಕೇಳಬೇಕು?

ಇದನ್ನೆಲ್ಲ ಬರೆಯಲು ಇವತ್ತು ಬೆಳಿಗ್ಗೆ ಕೂತಿದ್ದೆ. ಬಾಗಿಲು ತೆರೆದೇ ಇತ್ತು. ಶಾಂತಕ್ಕ ಒಳಗೆ ಬಂದರು. ಚಹಾ ಬೇಡ ಎಂದರು.

"ಅಂವ ನಿನ್ನ ಕಾಲಿಗೆ ಬಿದ್ದು ಎದ್ದಾಗ ನೀ ಅವನ ಮಾರಿ ನೋಡಿರಬೇಕಲ್ಲ. ಹೇಳು ತಂಗಿ. ಅಂವ ಮಾಡ್ಯಾನೋ, ಇಲ್ಲೋ?"

"ನನಗೇನ ತಿಳೀತೈತ್ರಿ ಶಾಂತಕ್ಕ? ಅದನ್ನ ಹೈಕೋರ್ಟ್ ಹೇಳ್ತೈತಿ" ಎಂದೆ.

"ಹೈಕೋರ್ಟ್ ಅವನ ಮಾರಿ ನೋಡೈತೇನು? ನೀ ನೋಡೀದಿ."

ಹೌದು, ನೋಡಿದ್ದೇನೆ. ಹಣೆಯ ಮೇಲೆ ಬೆವರಿತ್ತು. ಕಣ್ಣು ತೇವವಾಗಿತ್ತು. ಕೊಂದವನಿಗೂ ಹಾಗೆಯೇ ಇರಬಹುದು, ಕೊಲ್ಲದವನಿಗೂ ಹಾಗೆಯೇ ಇರಬಹುದು. ಇದನ್ನು ಈ ತಾಯಿಗೆ ಯಾವ ಬಾಯಿಂದ ಹೇಳಲಿ? ಹೌದು ಎಂದರೆ ಇವರು ಅದನ್ನು ನಂಬಿಬಿಡುತ್ತಾರೆ. ಅಲ್ಲ ಎಂದರೂ ನಂಬಿಬಿಡುತ್ತಾರೆ. ಇಷ್ಟು ಹೆದರಿಕೆ ನನಗೆ ಯಾವತ್ತೂ ಆಗಿರಲಿಲ್ಲ.

ಜಡ್ಜ್ ಸಾಹೇಬರಾದರೆ ತೀರ್ಪು ಕಾಯ್ದಿರಿಸಿ ಎದ್ದು ಹೋಗಬಹುದು. ಶಾಂತಕ್ಕ ನನ್ನ ಎದುರಿಗೇ ಕೂತಿದ್ದಾರೆ, ನಾನು ಎದ್ದು ಎಲ್ಲಿಗೆ ಹೋಗಲಿ?