ಹಕಾರದ ಪಾಠ

ಕಾಲೇಜುಗಳು ಮುಚ್ಚಿದ್ದ ಕಾಲದಲ್ಲಿ ಮೊಬೈಲಿನ ಪಾಠ ಶುರುವಾಯಿತಲ್ಲ, ಬಾಗಿಲು ತೆರೆದ ಮೇಲೂ ನಾನು ಅದನ್ನು ಬಿಡಲಿಲ್ಲ. ಮದ್ದೂರಿನ ಒಂದು ಡಿಗ್ರಿ ಕಾಲೇಜಿನಲ್ಲಿ ನಾನು ಕನ್ನಡ ಮೇಡಂ. ಮೂರೂವರೆ ಬಸ್ಸು ಹಿಡಿಯುವ ಅವಸರದಲ್ಲಿರುವ ಹಳ್ಳಿ ಮಕ್ಕಳ ಜೊತೆ ಕತೆಯ ಬಗ್ಗೆ ಮಾತಾಡುವುದೆಲ್ಲಿ ಬಂತು? ಅದಕ್ಕೇ ವಾರಕ್ಕೊಂದು ಸಂಜೆ ಮಂಡ್ಯದ ನನ್ನ ಮನೆಯಿಂದಲೇ ಎಲ್ಲರನ್ನೂ ಮೊಬೈಲಿನಲ್ಲಿ ಕೂಡಿಸಿ, ಒಂದು ಕತೆ ಓದಿಸಿ, ಚರ್ಚೆ ಮಾಡಿಸುತ್ತಿದ್ದೆ. ಚರ್ಚೆ ಎಂದರೆ ನನ್ನೊಬ್ಬಳದೇ. ಅವರ ಕ್ಯಾಮೆರಾನೂ ಬಂದ್, ಮೈಕೂ ಬಂದ್. ಗಂಟಲು ಹರಿಯುವ ಹಾಗೆ ಪ್ರಶ್ನೆ ಕೇಳಿದರೆ ಯಾವನೋ ಒಬ್ಬ ಪುಣ್ಯಾತ್ಮ "ಯೆಸ್ ಮೇಡಂ" ಎಂದು ಟೈಪು ಮಾಡುವನು. ಯಾವುದಕ್ಕೆ ಯೆಸ್ಸೋ ಅವನಿಗೇ ಗೊತ್ತಿಲ್ಲ.

ಮಾತಾಡುತ್ತಿದ್ದವಳು ಒಬ್ಬಳೇ. ಮಳವಳ್ಳಿ ತಾಲ್ಲೂಕಿನ ಬಂಡೂರಿನ ಪಕ್ಕದವಳು, ಕೊನೆಯ ವರ್ಷದ ಹುಡುಗಿ. ಅವಳು ಮೈಕು ತೆರೆದರೆ ಹಿಂದೆ ಕುರಿ ಅರಚುವುದು ಕೇಳಿಸುತ್ತಿತ್ತು. ಕತೆಯನ್ನು ಎರಡೆರಡು ಸಲ ಓದಿಕೊಂಡು ಬರುವಳು. ಎಂ.ಎ. ಕನ್ನಡ ಮಾಡಬೇಕು, ಮೇಡಂ ಆಗಬೇಕು ಎಂದು ಅವಳ ಆಸೆ. "ನಮ್ಮಪ್ಪ ಓದಿದ್ದು ಸಾಕು ಅಂತದೆ ಮೇಡಂ, ನೀವೊಂದ್ ಮಾತೇಳಿ" ಎಂದು ಕೇಳಿದ್ದಳು. ಪರೀಕ್ಷೆ ಹತ್ತಿರ ಬರಲಿ, ನಾನೇ ಮನೆಗೆ ಬಂದು ಹೇಳುತ್ತೇನೆ ಎಂದಿದ್ದೆ.

ಒಂದು ಸಂಜೆ ಓದಿದ್ದು ಒಬ್ಬ ಸೊಸೆಯ ಕತೆ. ಅತ್ತೆ ಸಾಕಿದ ಪಂಜರದ ಹಕ್ಕಿಯನ್ನು ಸೊಸೆ ಬಿಟ್ಟುಬಿಡುತ್ತಾಳೆ. ಯಾಕೆ ಬಿಟ್ಟಳು ಎಂದು ನಾನು ಕೇಳಿದೆ. ಕರುಣೆ, ಸ್ವಾತಂತ್ರ್ಯ ಎಂದೇನೋ ಉತ್ತರ ನನ್ನ ಟಿಪ್ಪಣಿಯಲ್ಲಿ ಬರೆದಿಟ್ಟುಕೊಂಡಿದ್ದೆ. ಅವಳು ಮೈಕು ತೆರೆದಳು.

"ಅಯ್ಯೋ ಪಾಪ ಅಂತ ಬುಟ್ಟಿದ್ದಲ್ಲ ಮೇಡಂ ಅದು. ಒಟ್ಟೆ ಉರ್ಕೊಂಡು ಬುಟ್ಟಿದ್ದು. ಅತ್ತೆ ಮೊದ್ಲು ಅಕ್ಕಿಗ್ ಆಕ್ಬುಟ್ಟು ಆಮೇಲೆ ಇವ್ಳಿಗೆ ಇಕ್ತಿದ್ಲಲ್ಲ, ಅದ್ಕೇಯ ಅಕ್ಕಿ ಆರೋಗ್ಲಿ ಅಂತ ಬಾಗ್ಲು ತಗುದ್ಬುಟ್ಲು."

ಹತ್ತು ವರ್ಷದಿಂದ ಆ ಕತೆ ಪಾಠ ಮಾಡುತ್ತಿದ್ದೇನೆ. ನನಗೆ ಅದು ಒಂದು ದಿನವೂ ಹೊಳೆದಿರಲಿಲ್ಲ. ಭೇಷ್ ಅನ್ನಬೇಕಿತ್ತು. ನಾನು ಅಂದದ್ದೇನು, ನನ್ನ ಬಾಯಿಗಿಷ್ಟು ಮಣ್ಣು ಹಾಕ! "ಹಾರಿಹೋಗಿದ್ದು ಅಕ್ಕಿಯೋ ಹಕ್ಕಿಯೋ? ಅಕ್ಕಿಯಾದರೆ ರಾತ್ರಿ ಅನ್ನಕ್ಕೆ ಏನಮ್ಮ ಗತಿ?" ಎಂದೆ.

ಅದುವರೆಗೆ ಸತ್ತಂತಿದ್ದ ಕ್ಲಾಸು ಎದ್ದು ಕೂತಿತು. ಪಟಪಟನೆ ಮೈಕುಗಳು ತೆರೆದವು, ಹೋ ಎಂದು ನಕ್ಕರು. ಯಾರೋ "ಸೋನಾಮಸೂರಿ ಅಕ್ಕಿ ಕಣ್ಲಾ" ಎಂದ. ನಾನೂ ನಕ್ಕೆ. ಸುಳ್ಳು ಯಾಕೆ ಹೇಳಲಿ, ಖುಷಿಯೂ ಆಯಿತು. ಅಂತೂ ಮಕ್ಕಳು ಬಾಯಿ ಬಿಟ್ಟರಲ್ಲ! ಆ ವಾರದ ವರದಿಯಲ್ಲಿ "ವಿದ್ಯಾರ್ಥಿಗಳು ಉತ್ಸಾಹದಿಂದ ಪಾಲ್ಗೊಂಡರು" ಎಂದು ಬರೆದುಕೊಟ್ಟೆ.

ನಾನೇನು ಹುಟ್ಟುತ್ತಲೇ ಹಕಾರ ಕಲಿತವಳೇ? ನಮ್ಮದೂ ಮಂಡ್ಯದ ಪಕ್ಕದ ದುದ್ದದ ಕಡೆ, ಹಕ್ಕಿಗೆ ಅಕ್ಕಿ ಅನ್ನುವ ಊರೇ. ಹೈಸ್ಕೂಲಿನಲ್ಲಿ ಮೇಷ್ಟ್ರು ಅಂಗೈಯನ್ನು ಬಾಯಿಯ ಮುಂದೆ ಹಿಡಿಸಿ, ಉಸಿರು ತಾಗುವವರೆಗೆ ಹ, ಹಾ, ಹಿ ಎನ್ನಿಸಿ, ತಾಗದಿದ್ದರೆ ಅದೇ ಅಂಗೈಗೆ ಬೆತ್ತದಲ್ಲಿ ಕೊಡುತ್ತಿದ್ದರು. ನಮ್ಮವ್ವ ನಗುತ್ತಿದ್ದಳು. "ಅದ್ಯಾಕವ್ವ ಮೆಣ್ಸಿನ್ಕಾಯಿ ಕಚ್ಚ್ದೋಳಂಗೆ ಉಸ್ರು ಬುಡ್ತೀಯೆ?" ಎನ್ನುವಳು. ಅವ್ವನ ಜೊತೆ ನಾನು ಕೊನೆಯವರೆಗೂ ಅವಳ ಮಾತೇ ಆಡಿದೆ, ಕಾಲೇಜಿನಲ್ಲಿ ಮಾತ್ರ ಯಾರಿಗೂ ಗೊತ್ತಾಗದಂತೆ ಬಚ್ಚಿಟ್ಟೆ. ಇಂಥವಳು ಆ ಹುಡುಗಿಗೆ ಪಾಠ ಹೇಳಲು ಹೋದೆ, ಥೂ.

ಮುಂದಿನ ವಾರ ಅವಳಿಗೇ ಓದಲು ಹೇಳಿದೆ. "ಹಕಾರ ನೋಡಿಕೊಂಡು ಓದಮ್ಮ" ಎಂದೆ, ದೊಡ್ಡ ಉಪಕಾರ ಮಾಡುವವಳ ಹಾಗೆ. ಕತೆಯಲ್ಲಿದ್ದದ್ದು "ಅವಳು ಅಳುತ್ತ ಅನ್ನ ಇಕ್ಕಿದಳು" ಎಂದು. ಅವಳು ಒಂದೊಂದೇ ಮಾತನ್ನು ಹೆದರಿ ಹೆದರಿ ಓದಿದಳು. "ಹವಳು ಹಳುತ್ತ ಹನ್ನ ಹಿಕ್ಕಿದಳು." ಇಲ್ಲದ ಕಡೆಗೆಲ್ಲ ಹಕಾರ ಹಾಕಿದ್ದಳು, ಎಲ್ಲಿ ಬೇಕು ಎಲ್ಲಿ ಬೇಡ ತಿಳಿಯದೆ. ಮತ್ತೆ ಮೈಕುಗಳು ತೆರೆದವು. ಈ ಸಲ ನಗು ನಿಲ್ಲಲೇ ಇಲ್ಲ. ನಾನು ತಡೆಯುವ ಮೊದಲು ನನಗೂ ಕಿಸಕ್ಕನೆ ನಗು ಬಂದುಬಿಟ್ಟಿತ್ತು.

ಎರಡು ದಿನ ಬಿಟ್ಟು ಸ್ಟಾಫ್ ರೂಮಿನಲ್ಲಿ ಸಹೋದ್ಯೋಗಿಯೊಬ್ಬರು "ಮೇಡಂ, ನಿಮ್ಮ ಕ್ಲಾಸು ಫೇಮಸ್ಸು" ಎನ್ನುತ್ತ ಮೊಬೈಲು ಚಾಚಿದರು. ಯಾರೋ ಅದನ್ನು ರೆಕಾರ್ಡು ಮಾಡಿ ಎಲ್ಲರಿಗೂ ಹಂಚಿದ್ದರು. ಅವಳ ನಡುಗುವ ದನಿ, ಅದರ ಹಿಂದೆ ನನ್ನ ನಗು. ಕ್ಲಾಸಿನಲ್ಲಿ ಬೈದೆ, ಅಳಿಸಿರೆಂದು ಕೂಗಾಡಿದೆ. ಏನು ಬಂತು? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಅವಳು ಸಂಜೆಯ ಪಾಠ ತಪ್ಪಿಸಲಿಲ್ಲ. ಹೆಸರು ಇರುತ್ತಿತ್ತು, ಮೈಕು ಮಾತ್ರ ಮುಚ್ಚಿರುತ್ತಿತ್ತು. ಪ್ರಶ್ನೆ ಕೇಳಿದರೆ "ಕಥೆ ಹೃದಯಸ್ಪರ್ಶಿಯಾಗಿದೆ ಮೇಡಂ" ಎಂದು ಟೈಪು ಮಾಡುವಳು. ಗೈಡಿನ ಮಾತು, ಒಂದು ತಪ್ಪಿಲ್ಲ. ಅದನ್ನು ಓದುವಾಗೆಲ್ಲ ನನಗೆ ಕೆನ್ನೆಗೆ ಹೊಡೆಸಿಕೊಂಡಂತಾಗುತ್ತಿತ್ತು. ಕರೆದು ಕ್ಷಮೆ ಕೇಳಬೇಕು ಅಂದುಕೊಳ್ಳುತ್ತಲೇ ತಿಂಗಳುಗಳನ್ನು ಕಳೆದೆ, ಮೇಡಂ ಅನ್ನುವ ಬಿಗುಮಾನ ನೋಡಿ!

ಕೊನೆಯ ಪರೀಕ್ಷೆಯ ದಿನ ಮದ್ದೂರು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಳು. ಮಳವಳ್ಳಿ ಬಸ್ಸಿಗೆ ಕಾಯುತ್ತಿದ್ದಳು. ಎಂ.ಎ.ಗೆ ಅರ್ಜಿ ಹಾಕಿದೆಯಾ ಎಂದು ಕೇಳಿದೆ.

"ಇಲ್ಲ ಮೇಡಂ. ಸೋಮನಹಳ್ಳಿಯ ಫ್ಯಾಕ್ಟರಿಯಲ್ಲಿ ಕೆಲಸಕ್ಕೆ ಹೇಳಿದ್ದಾರೆ. ಹೋಗುತ್ತೇನೆ."

ಪುಸ್ತಕದಲ್ಲಿ ಅಚ್ಚಾದ ಹಾಗಿತ್ತು ಮಾತು. ಅರ್ಜಿಗೆ ಇನ್ನೂ ಹತ್ತು ದಿನ ಇದೆ, ನಾಳೆಯೇ ಬಂದು ನಿಮ್ಮಪ್ಪನಿಗೆ ಹೇಳುತ್ತೇನೆ ಎಂದೆ. "ಬೇಡ ಮೇಡಂ" ಎಂದಳು. ನನಗೆ ತಡೆಯಲಾಗಲಿಲ್ಲ. ಅವ್ವನ ಜೊತೆ ಬಿಟ್ಟರೆ ಯಾರ ಮುಂದೆಯೂ ಆಡದ ಮಾತು ತಾನಾಗಿಯೇ ಬಂತು.

"ತೆಪ್ಪಾಯ್ತು ಕಣವ್ವ. ನಾ ಅವತ್ತು ಅಂಗನ್ಬಾರ್ದಾಗಿತ್ತು. ನಮ್ಮಟ್ಟೀಲೂ ಇಂಗೇಯ ಮಾತಾಡಾದು. ನೀ ಏಳಿದ್ದೇ ಸರಿ ಇತ್ತು ಕಣವ್ವ, ನೀ ಓದ್ಬೇಕು."

ಅವಳ ಮುಖ ಕೆಂಪಾಯಿತು. ಸ್ವಲ್ಪ ದೂರದಲ್ಲಿ ಅವಳ ಕ್ಲಾಸಿನವರು ಇಬ್ಬರು ನಿಂತಿದ್ದರು. ಅವರ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿದಳು. ಕಣ್ಣು ತುಂಬಿತ್ತು.

"ಸಾಕು ಮೇಡಂ," ಎಂದಳು. "ಇನ್ನೂ ಆಡಿಕೊಳ್ಳಬೇಡಿ."

ಆಡಿಕೊಳ್ಳುತ್ತಿಲ್ಲ ಎಂದು ಯಾವ ಕನ್ನಡದಲ್ಲಿ ಹೇಳಬೇಕೋ ತಿಳಿಯದೆ ನಿಂತೆ. ಅಷ್ಟರಲ್ಲಿ ಬಸ್ಸು ಬಂತು, ಹತ್ತಿಕೊಂಡಳು.