ರೆಹಾನಾ ಆಪಾ ಇಟ್ಟ ಪರೀಕ್ಷೆ

ಆರ್.ಟಿ. ನಗರದಲ್ಲಿ ಸ್ಕೂಲ್ ಯೂನಿಫಾರಂ ಅಂಗಡಿ ಇಟ್ಟಿರುವ ನನಗೆ ರೆಹಾನಾಳ ಶಾಲೆಯಿಂದ ಬಿಡಿಗಾಸಿನ ಲಾಭವಿಲ್ಲ. ಅಲ್ಲಿ ಯೂನಿಫಾರಂ ಇಲ್ಲ, ಟೈ ಇಲ್ಲ, ಬೆಲ್ಟ್ ಇಲ್ಲ. ಕಾಪಿ ಪುಸ್ತಕ ಕೂಡ ಇಲ್ಲ. ಇಂಥ ಶಾಲೆಗಳು ಬೀದಿಗೊಂದು ಹುಟ್ಟಿಕೊಂಡರೆ ನಾನು ಸೌತೆಕಾಯಿ ಗಾಡಿ ತಳ್ಳಬೇಕಾಗುತ್ತದೆ. ಆದರೂ ಆಕೆಯ ಬಗ್ಗೆ ಬರೆಯಲು ಕೂತಿದ್ದೇನೆ ಅಂದರೆ, ಹೆಂಗಸು ಸಾಮಾನ್ಯದವಳಲ್ಲ ಅಂತ ನೀವೇ ತಿಳಿದುಕೊಳ್ಳಿ.

ರೆಹಾನಾ ನಮ್ಮ ಬೀದಿಯ ಹಾಸಿಗೆ ಅಂಗಡಿ ಗುಲಾಮ್ ರಸೂಲ್ ಸಾಬರ ಮಗಳು. ಮೊದಲು ಒಂದು ದೊಡ್ಡ ಶಾಲೆಯಲ್ಲಿ ಎಲ್‌ಕೆಜಿ ಮಿಸ್ ಆಗಿದ್ದಳು. ಮಕ್ಕಳ ತುಟಿಯ ಮೇಲೆ ಬೆರಳಿಡಿಸಿ ಗೊಂಬೆಗಳ ಹಾಗೆ ಕೂರಿಸುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಒಂದು ದಿನ ಬಿದ್ದು ಮಂಡಿ ತರಚಿಕೊಂಡ ಹುಡುಗಿಯೊಬ್ಬಳು ಕೈ ಎತ್ತಿ, "ಮಿಸ್, ಅಳ್ಬಹುದಾ?" ಅಂತ ಪರ್ಮಿಷನ್ ಕೇಳಿದಳಂತೆ. ಆ ತಿಂಗಳೇ ರೆಹಾನಾ ಕೆಲಸ ಬಿಟ್ಟಳು. ಅಪ್ಪನ ಹತ್ತಿ ಗೋಡೌನ್‌ಗೆ ಸುಣ್ಣ ಬಳಿಸಿ ಸ್ವಂತ ಶಾಲೆ ತೆರೆದಳು. ಮಕ್ಕಳೆಲ್ಲ ಅವಳನ್ನು ಕರೆಯುವುದು ಆಪಾ ಅಂತ, ಅಂದರೆ ಅಕ್ಕ.

ಅಲ್ಲಿನ ವ್ಯವಹಾರವೇ ಬೇರೆ. ಮೂರು ವರ್ಷದವರೂ ಆರು ವರ್ಷದವರೂ ಒಟ್ಟಿಗೇ ಕೂರುತ್ತಾರೆ. ದೊಡ್ಡವು ಚಿಕ್ಕವಕ್ಕೆ ಗುಂಡಿ ಹಾಕಿಕೊಳ್ಳುವುದು ಕಲಿಸುತ್ತವೆ. ತಿಂದ ತಟ್ಟೆ ತಾವೇ ತೊಳೆಯಬೇಕು. ಜಗಳವಾದರೆ ರೆಹಾನಾ ತೀರ್ಪು ಕೊಡುವುದಿಲ್ಲ, ಇಬ್ಬರೂ ಮಾತಾಡಿ ಮುಗಿಸುವ ತನಕ ಪಕ್ಕದಲ್ಲಿ ಕೂತಿರುತ್ತಾಳೆ. ರ‍್ಯಾಂಕ್ ಮಾತೇ ಇಲ್ಲ. ಈ ಮಗುವಿಗೆ ನಿನ್ನೆ ಏನು ಬರುತ್ತಿರಲಿಲ್ಲ, ಇವತ್ತು ಏನು ಬಂತು, ಅಷ್ಟೇ ಅವಳಿಗೆ ಬೇಕು. ಒಂದು ಮಗುವನ್ನು ಇನ್ನೊಂದರ ಜೊತೆ ತೂಗುವುದು ಅಂಗಡಿಯವರ ಕೆಲಸವಂತೆ. ಹಾಗನ್ನುವಾಗ ನನ್ನ ಮುಖವನ್ನೇ ನೋಡುತ್ತಾಳೆ.

ತಕರಾರು ಶುರುವಾದದ್ದು ಅವರೆಕಾಯಿ ಕಾಲದಲ್ಲಿ. ಜನವರಿ ಪೂರ್ತಿ ಮಕ್ಕಳು ನೆನೆಸಿದ ಅವರೆಕಾಳನ್ನು ಹಿತುಕಿ ಸಿಪ್ಪೆ ಬಿಡಿಸಿದವು. ಎರಡು ಬೆರಳ ನಡುವೆ ಒತ್ತಿದರೆ ಬೇಳೆ ಪುಳಕ್ಕನೆ ಜಾರಿ ಬರಬೇಕು, ನಜ್ಜಾಗಬಾರದು. ಆ ಹದ ಕಲಿತ ಬೆರಳಿಗೆ ಪೆನ್ಸಿಲ್ ಭಾರವಾಗುವುದಿಲ್ಲ ಅಂತ ರೆಹಾನಾಳ ವಾದ. ಐದು ವರ್ಷದ ಗಜಾಲಾ ಒಂದು ಡಬ್ಬಿ ಬೇಳೆ ಮನೆಗೆ ಒಯ್ದಳು. ಅವಳಪ್ಪ ಅಬ್ರಾರ್‌ಗೆ ಕಾರಿನ ಸೀಟ್ ಕವರ್ ಅಂಗಡಿ. ಅವನು ಅದರ ಸಾರು ಚಪ್ಪರಿಸಿ ಉಂಡು, ಕೈ ತೊಳೆದು, ಸೀದಾ ಜಗಳಕ್ಕೆ ಬಂದ.

"ಆಪಾ, ನಾವು ಫೀಸ್ ಕಟ್ತಿರೋದು ಬೇಳೆ ಬಿಡಿಸೋಕಾ? ಪಕ್ಕದ್ಮನೆ ಮಗು ಹನ್ನೆರಡು ತಿಂಗಳ ಹೆಸರೂ ಇಂಗ್ಲಿಷಲ್ಲಿ ಹೇಳುತ್ತೆ. ನಮ್ಮದನ್ನ ಜನವರಿ ಅಂದ್ರೇನು ಅಂತ ಕೇಳಿದ್ರೆ ಅವರೆಕಾಯಿ ಅನ್ನುತ್ತೆ!"

ಅವನ ಹಿಂದೆ ಚನ್ನು ಎಂಬ ಹುಡುಗನ ಅಪ್ಪ ನಂದಕುಮಾರ್, ಅವನ ಹಿಂದೆ ಉಳಿದವರು. ಎಲ್ಲರದ್ದೂ ಒಂದೇ ರಾಗ: ಪರೀಕ್ಷೆ ಇಡಿ, ಮಾರ್ಕ್ಸ್ ತೋರಿಸಿ, ಇಲ್ಲದಿದ್ದರೆ ಜೂನ್‌ಗೆ ಮಕ್ಕಳನ್ನು ಬೇರೆ ಕಡೆ ಸೇರಿಸುತ್ತೇವೆ. ಅವರು ಹೋದರೆ ಶಾಲೆಗೆ ಬೀಗ ಬೀಳುವುದು ಖಂಡಿತ.

ರೆಹಾನಾ ದುಪಟ್ಟಾ ಸರಿಮಾಡಿಕೊಂಡಳು. "ಆಯ್ತು, ಭಾನುವಾರ ಪರೀಕ್ಷೆ. ಆದ್ರೆ ಬರೆಯೋರು ನೀವು. ನೀವು ಪಾಸಾದ್ರೆ, ಸೋಮವಾರದಿಂದ ನೀವು ಹೇಳ್ದಂಗೆ ಮಕ್ಕಳಿಗೂ ಪರೀಕ್ಷೆ ಇಟ್ಟು ಮಾರ್ಕ್ಸ್ ಕೊಡ್ತೀನಿ."

"ಸಿಲೆಬಸ್ ಏನು ಮೇಡಂ?" ನಂದಕುಮಾರ್ ಕೇಳಿದ.

"ನಿಮ್ಮ ಮಗು."

"ಅಷ್ಟೇನಾ!" ಅಬ್ರಾರ್ ನಕ್ಕ. "ಗೈಡೇ ಬೇಡ ಬಿಡಿ."

ಭಾನುವಾರ ನನ್ನನ್ನೂ ಕರೆದಳು. "ಸಿದ್ರಾಮಣ್ಣ, ನೀವು ಸೂಪರ್‌ವೈಸರ್. ಯಾರ ಪಕ್ಷಾನೂ ಹಿಡಿಯೋರಲ್ಲ, ಲಾಭ ಇಲ್ಲದೆ." ನಂದಕುಮಾರ್ ಪರೀಕ್ಷೆಯ ಪ್ಯಾಡು ತಂದಿದ್ದ, ಹಣೆಗೆ ಕುಂಕುಮ ಇಟ್ಟುಕೊಂಡು ಬಂದಿದ್ದ. ಪ್ರಶ್ನೆಗಳು ಸುಲಭದವೇ. ನಿಮ್ಮ ಮಗುವಿಗೆ ಯಾವುದರ ಭಯ? ಯಾರ ಜೊತೆ ಕೂತು ಊಟ ಮಾಡುತ್ತೆ? ಜೂನ್‌ನಲ್ಲಿ ಬಾರದಿದ್ದ ಯಾವ ಕೆಲಸ ಈಗ ತಾನಾಗಿಯೇ ಮಾಡುತ್ತೆ?

ಸ್ವಲ್ಪ ಹೊತ್ತಿಗೆ ಪೆನ್ನುಗಳೆಲ್ಲ ನಿಂತವು. ಪೆನ್ನು ಕಚ್ಚುವವರು, ಸೂರು ನೋಡುವವರು. ಆಗ ಕಣ್ಣಿಗೆ ಬಿತ್ತು: ನಂದಕುಮಾರ್ ಕತ್ತು ಉದ್ದ ಮಾಡಿ ಅಬ್ರಾರ್‌ನ ಉತ್ತರ ಕಾಪಿ ಹೊಡೆಯುತ್ತಿದ್ದ! ತನ್ನ ಮಗನ ಭಯಕ್ಕೆ ಇನ್ನೊಬ್ಬನ ಮಗಳ ಭಯ.

"ಏನಯ್ಯಾ ಇದು?" ಅಂದೆ.

"ಸುಮ್ನಿರಿ ಅಣ್ಣಾ, ಅವ್ರು ಚೆನ್ನಾಗಿ ಓದ್ಕೊಂಡ್ ಬಂದಿದ್ದಾರೆ."

ಪೇಪರ್ ತಿದ್ದಿದ್ದು ಮಕ್ಕಳು. ಅಪ್ಪ ಅಮ್ಮಂದಿರು ಉತ್ತರ ಓದಬೇಕು, ಮಕ್ಕಳು ಸರಿ ತಪ್ಪು ಹೇಳಬೇಕು.

"ಗಜಾಲಾಗೆ ಹಲ್ಲಿ ಅಂದ್ರೆ ಭಯ," ಅಬ್ರಾರ್ ಗತ್ತಿನಿಂದ ಓದಿದ.

"ಇಲ್ಲ ಅಬ್ಬಾ, ಅದು ಅಮ್ಮಿಗೆ. ನಂಗೆ ಮಿಕ್ಸಿ ಸೌಂಡು."

ನಂದಕುಮಾರ್ ಹಲ್ಲಿ ಅಂದದ್ದಕ್ಕೆ ಚನ್ನು ಅಪ್ಪನನ್ನು ಪಾಪ ಅನ್ನುವಂತೆ ನೋಡಿದ. "ಅಪ್ಪಾ, ಇಲ್ಲಿ ಹಲ್ಲೀನ ಪೊರಕೇಲಿ ಓಡಿಸೋದೇ ನಾನು."

ಇಡೀ ಗೋಡೌನ್ ಗೊಳ್ಳೆಂದಿತು. ಅಬ್ರಾರ್ ಮರ್ಯಾದೆ ಉಳಿಸಿಕೊಳ್ಳಲು, "ಅದು ಹಂಗಲ್ಲ, ನಾನು ಹೇಳಿದ್ದು ಏನಂದ್ರೆ..." ಅಂತ ಎದ್ದ. ಗಜಾಲಾ ಅಂಗೈ ತೋರಿಸಿದಳು.

"ಅಬ್ಬಾ, ನಾನಿನ್ನೂ ಮಾತಾಡ್ತಿದ್ದೀನಿ. ನಂದು ಮುಗೀಲಿ, ಆಮೇಲೆ ನೀವು."

ಅಷ್ಟು ಜನರ ಮುಂದೆ, ದನಿ ನಡುಗದೆ. ಊಟಕ್ಕೆ ಯಾರ ಜೊತೆ, ಯಾಕೆ ಅವರ ಜೊತೆ, ಎಲ್ಲ ಹೇಳಿದಳು. ಕೊನೆಗೆ ಅಪ್ಪನ ಪೆನ್ನನ್ನು ಬೆರಳ ತುದಿಯಲ್ಲಿ ಲಕ್ಷಣವಾಗಿ ಹಿಡಿದು, ಉತ್ತರಗಳ ಮೇಲೆ ನೆಟ್ಟಗೆ ಇಂಟು ಹಾಕಿದಳು. ಮೂರನೇ ಪ್ರಶ್ನೆಗೆ ಅಬ್ರಾರ್ ಏನೂ ಬರೆದಿರಲಿಲ್ಲ. ಈಗ ಬಾಯಿಬಿಟ್ಟ.

"ಸಿದ್ರಾಮಣ್ಣ, ಜೂನ್‌ನಲ್ಲಿ ಇವಳು ನೆಂಟರು ಬಂದ್ರೆ ಬಾಗಿಲ ಹಿಂದೆ ಬಚ್ಚಿಟ್ಕೊಳ್ತಿದ್ಲು ಕಣ್ರೀ." ಸೋತವನ ದನಿ ಅಲ್ಲ ಅದು, ಲಾಟರಿ ಹೊಡೆದವನದು.

"ಅದನ್ನೇ ಬರೆದಿದ್ರೆ ಪಾಸಾಗ್ತಿದ್ರಿ," ಅಂದಳು ರೆಹಾನಾ.

ಒಬ್ಬರೂ ಪಾಸಾಗಲಿಲ್ಲ. ಬೇರೆ ಶಾಲೆಯ ಮಾತನ್ನು ಯಾರೂ ಎತ್ತಲಿಲ್ಲ. ನಂದಕುಮಾರ್ ಮಾತ್ರ ಪ್ಯಾಡು ಕಂಕುಳಲ್ಲಿ ಇಟ್ಟುಕೊಂಡು ಕೇಳಿದ: "ಮೇಡಂ, ಸಪ್ಲಿಮೆಂಟರಿ ಯಾವಾಗ?"

"ವಾರಕ್ಕೊಂದು ಬೆಳಗ್ಗೆ ಬಂದು ಮೂಲೆಯಲ್ಲಿ ಕೂತು ಮಕ್ಕಳನ್ನ ನೋಡಿ. ಬುದ್ಧಿ ಹೇಳೋ ಹಾಗಿಲ್ಲ. ಆಮೇಲೆ ಪರೀಕ್ಷೆ."

ಜೂನ್ ಬಂತು, ಒಂದು ಮಗುವೂ ಶಾಲೆ ಬಿಡಲಿಲ್ಲ. ಕೊಡಿಗೇಹಳ್ಳಿಯಿಂದ, ಯಲಹಂಕದಿಂದ ಹೊಸ ಮಕ್ಕಳು ಬಂದವು. ಗೋಡೌನ್ ಸಾಲದೆ ರೆಹಾನಾ ಪಕ್ಕದ ಮಳಿಗೆಯನ್ನೂ ಹಿಡಿದಳು. ಸೋಮವಾರ ಬೆಳಗ್ಗೆ ಶಾಲೆಯ ಮೂಲೆಯಲ್ಲಿ ಕೂರುವುದು ಅಬ್ರಾರ್‌ನ ಪಾಳಿ; ಗಿರಾಕಿ ಕಾರು ತಂದು ಹಾರ್ನ್ ಹೊಡೆದರೂ ಅವನ ಅಂಗಡಿಯ ಶಟರ್ ಮೇಲೇಳುವುದಿಲ್ಲ. ಹೋದ ವಾರ ತಡೆದು ಕೇಳಿದೆ.

"ವ್ಯಾಪಾರ ಆಮೇಲೆ ಅಣ್ಣಾ," ಅನ್ನುತ್ತಾ ಶಾಲೆಯ ಕಡೆ ಬಿರಬಿರನೆ ನಡೆದ. "ಈ ಸಲ ನಾನೇ ಫಸ್ಟ್ ಬರೋದು."